ಅಮ್ಮ ಹೇಳದ ಹೆಸರು

ನಮ್ಮ ಮನೆಯವರು ಒಟ್ಟಿಗೆ ಹೊಸಿಲು ದಾಟಿ, ಏನೊಂದು ಎಡವಟ್ಟೂ ಆಗದೆ ವಾಪಸ್ ಬಂದ ದಿನವೇ ಇಲ್ಲ. ಬೇರೆಯವರು ಬೇಲೂರು, ಹಳೇಬೀಡಿಗೆ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಾರೆ. ನಾವು ಮಾನ ಕಳೆದುಕೊಂಡು ಬರುತ್ತೇವೆ. ಇದರಲ್ಲಿ ಮುಕ್ಕಾಲು ಪಾಲು ಎಡವಟ್ಟಿಗೆ ಕಾರಣ ಒಂದೇ: ಅಮ್ಮ ಅಪ್ಪನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅವಳಜ್ಜಿ ಹೇಳಿದ್ದರಂತೆ.

ಅಪ್ಪನ ಹೆಸರೋ, ಚನ್ನಕೇಶವ. ಚನ್ನಕೇಶವನ ಗುಡಿಯೇ ಇರುವ ಹಾರನಹಳ್ಳಿಯಂಥ ಊರಲ್ಲಿದ್ದು, ವರ್ಷಕ್ಕೆ ನಾಲ್ಕು ಸಲ ಬೇಲೂರಿಗೆ ಹೋಗುತ್ತಾ, ಆ ಹೆಸರನ್ನು ಬಾಯಿಗೆ ತಾರದೆ ಬದುಕುವುದು ಸಾಮಾನ್ಯದ ಮಾತಲ್ಲ. ಅಮ್ಮ ಮದುವೆಯಾಗಿ ಬಂದ ದಿನ ನಮ್ಮ ಸೋದರತ್ತೆ ಬಾಗಿಲಿಗೆ ಅಡ್ಡ ನಿಂತು, "ಗಂಡನ ಹೆಸ್ರು ಹೇಳು, ಒಳಕ್ಕೆ ಬಿಡ್ತೀನಿ" ಅಂದರಂತೆ. ಅಮ್ಮ ತಲೆ ತಗ್ಗಿಸಿ ನಿಂತಳು. ನಿಂತೇ ಇದ್ದಳು. ಕೊನೆಗೆ ಜೋರು ಮಳೆ ಬಂತು. ಸುತ್ತ ಇದ್ದವರೆಲ್ಲ ಒಳಗೆ ಓಡಿದರು. ಅವರ ಜೊತೆಗೆ ಅಮ್ಮನೂ ಓಡಿದಳು. "ನಾನು ಈ ಮನೆ ತುಂಬಿದ್ದು ಹಂಗೇ ಕಣೋ" ಎಂದು ಈಗಲೂ ಜಂಬ ಕೊಚ್ಚುತ್ತಾಳೆ.

ಮೂರು ವರ್ಷದಿಂದ ಅಪ್ಪನಿಗೆ ಮರೆವಿನ ಕಾಯಿಲೆ. ಆದ್ದರಿಂದ ಮುಂದಿನವು ನಗುವ ಪ್ರಸಂಗಗಳೋ ಅಳುವಂಥವೋ ನನಗೇ ಸರಿಯಾಗಿ ಗೊತ್ತಿಲ್ಲ. ಆದಷ್ಟು ನಗುತ್ತಲೇ ಹೇಳುತ್ತೇನೆ.

ಯಾರ ಹೆಸರಲ್ಲಿ?

ಇದು ಅಪ್ಪ ಚೆನ್ನಾಗಿದ್ದಾಗಿನದು. ರಾಗಿ ಒಕ್ಕಣೆ ಮುಗಿದ ಮೇಲೆ ಬೇಲೂರಿಗೆ ಹೋಗುವುದು ನಮ್ಮ ಮನೆಯ ಪದ್ಧತಿ. ಗರ್ಭಗುಡಿಯ ಮುಂದೆ ಅರ್ಚಕರು, "ಅರ್ಚನೆ ಯಾರ ಹೆಸರಲ್ಲಮ್ಮ?" ಎಂದರು.

"ಯಜಮಾನ್ರ ಹೆಸ್ರಲ್ಲಿ."

"ಅದೇ, ಹೆಸರು ಹೇಳಿ."

ಅಮ್ಮ ಒಳಗಿದ್ದ ದೇವರ ಕಡೆ ಕೈ ತೋರಿಸಿದಳು.

"ದೇವರ ಹೆಸರಲ್ಲಿ ದೇವರಿಗೇ ಅರ್ಚನೆ ಮಾಡ್ಲಾ? ನಿಮ್ಮ ಯಜಮಾನ್ರ ಹೆಸರು ಹೇಳಿ ತಾಯಿ."

ಅಮ್ಮ ಮತ್ತೆ ದೇವರ ಕಡೆಗೇ ಕೈ ತೋರಿಸಿದಳು. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಆಗ ಅಪ್ಪ ಮುಂದೆ ಬಂದು ಹೇಳಿದ:

"ಮಾಡಿ ಸ್ವಾಮಿ. ಅವಳ ಪಾಲಿಗೆ ನಾವಿಬ್ರೂ ಒಂದೇಯ. ಎಷ್ಟು ಬೇಡಿಕೊಂಡ್ರೂ ತುಟಿ ಬಿಚ್ಚಲ್ಲ ಅಂತ ಇಬ್ರ ಮೇಲೂ ದೂರೈತೆ."

ಜೊಳ್ಳು ಅವರೆ

ಅವರೆಕಾಯಿ ಕಾಲ ಬಂದರೆ ನಮ್ಮ ಮನೆಯಲ್ಲಿ ಟಿವಿಗೆ ರಜೆ. ನೆನೆಸಿದ ಅವರೆಕಾಳಿನ ಸುತ್ತ ಎಲ್ಲರೂ ಕೂತು ಹಿತುಕಬೇಕು. ಕಾಳನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಲಿ ಉಳಿದು ಬೇಳೆ ಪಟ್ಟನೆ ಹಾರುತ್ತದೆ. ಅದನ್ನು ಪಕ್ಕದವರ ಮುಖಕ್ಕೆ ಗುರಿಯಿಟ್ಟು ಹಾರಿಸುವುದರಲ್ಲಿ ಅಪ್ಪ ನಿಸ್ಸೀಮ. ನನ್ನ ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿಯ ಕನ್ನಡಕಕ್ಕೇ ಹೊಡೆದಿದ್ದ.

ಮೂರು ವರ್ಷದ ಹಿಂದಿನ ಅವರೆ ಕಾಲದಲ್ಲಿ ಅಪ್ಪ ಯಾರಿಗೂ ಹೊಡೆಯಲಿಲ್ಲ. ಭಾರೀ ಶ್ರದ್ಧೆಯಿಂದ ಹಿತುಕುತ್ತಿದ್ದ. ಅರ್ಧ ಗಂಟೆಯಾದ ಮೇಲೆ ತನ್ನ ಬಟ್ಟಲನ್ನು ಎತ್ತಿ ಹಿಡಿದು, "ಈ ಸಲದ ಅವರೆ ಬರೀ ಜೊಳ್ಳು ಕಣ್ಲಾ. ನೋಡು, ತೂಕವೇ ಇಲ್ಲ" ಎಂದ.

ನೋಡಿದರೆ ಬಟ್ಟಲ ತುಂಬ ಸಿಪ್ಪೆ. ಬೇಳೆಯನ್ನೆಲ್ಲ ತಿಪ್ಪೆಗೆ ಹಾಕುವ ಸಿಪ್ಪೆಯ ಮೊರದೊಳಗೆ ಎಸೆದಿದ್ದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಪ್ಪನೂ ನಕ್ಕ. ಅಮ್ಮ ಮಾತ್ರ ನಗಲಿಲ್ಲ. ಮೊರ ಎಳೆದುಕೊಂಡು ಒಂದೊಂದೇ ಬೇಳೆ ಆರಿಸುತ್ತಾ ಕೂತಳು. ಅವಳಿಗೆ ಅವತ್ತೇ ಗೊತ್ತಾಗಿತ್ತು. ಓದಿ ಬರೆದ ನನಗೆ ಗೊತ್ತಾಗಲು ಇನ್ನೂ ಎಂಟು ತಿಂಗಳು ಬೇಕಾಯಿತು. ಆ ಬಟ್ಟಲಲ್ಲಿದ್ದದ್ದಕ್ಕಿಂತ ದೊಡ್ಡ ಜೊಳ್ಳು ಅಲ್ಲೇ ಅಪ್ಪನ ಎದುರಿಗೆ ಕೂತಿತ್ತು.

ಡಾಕ್ಟರ ಪರೀಕ್ಷೆ

ಹಾಸನದ ಡಾಕ್ಟರು ಅಪ್ಪನನ್ನು ಕೂರಿಸಿಕೊಂಡು ಒಂದೊಂದೇ ಪ್ರಶ್ನೆ ಕೇಳಿದರು. ಇವತ್ತು ಯಾವ ವಾರ, ಇದು ಯಾವ ಊರು ಎಂಬುದೆಲ್ಲ ಆಯಿತು. "ನಿಮ್ಮ ಹೆಂಡತಿ ಹೆಸರೇನು?"

ಅಪ್ಪ ಅಮ್ಮನ ಕಡೆ ನೋಡಿ, "ಇವಳೇ" ಎಂದ.

"ಇವರೇ, ಸರಿ. ಹೆಸರೇನು?"

"ಇವಳೇ."

ಡಾಕ್ಟರು ಬೇಜಾರಿನ ಮುಖ ಮಾಡಿಕೊಂಡು ಏನೋ ಬರೆಯಹೊರಟರು. ಅಮ್ಮ ಗಾಬರಿಯಾಗಿ, "ಅದು ಮರೆವಲ್ಲ ಡಾಕ್ಟ್ರೇ, ಬರ್ಕೋಬೇಡಿ! ಮದ್ವೆಯಾದಾಗಿಂದ ನನ್ನ ಕರೆಯೋದೇ ಹಂಗೆ. 'ಇವಳೇ, ನೀರು ಕೊಡೇ' ಅಂತ" ಎಂದಳು.

"ಹೋಗಲಿ ಬಿಡಿ. ನೀವು ಹೇಳಿ, ಇವರ ಹೆಸರು ಏನು?"

ಅಮ್ಮ ನೆಲ ನೋಡಿದಳು. ಸೆರಗಿನ ತುದಿ ಸುತ್ತಿದಳು. ಡಾಕ್ಟರು ಸ್ವಲ್ಪ ಹೊತ್ತು ಕಾದು, ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು:

"ಮುಂದಿನ ಸಲ ಬರುವಾಗ ನಿಮ್ಮ ತಾಯಿ ಹೆಸರಲ್ಲೂ ಒಂದು ಚೀಟಿ ಮಾಡಿಸಿಬಿಡಿ."

ಚಿತ್ರಾನ್ನ

ಅಪ್ಪ ಒಬ್ಬೊಬ್ಬರನ್ನೇ ಮರೆಯುತ್ತಾ ಬಂದ. ಮೊದಲು ನೆಂಟರು, ಆಮೇಲೆ ನನ್ನ ಹೆಂಡತಿ. ಅಮ್ಮನನ್ನು ಮಾತ್ರ ಮರೆಯಲಿಲ್ಲ. ದಿನಾ ಬೆಳಿಗ್ಗೆ ಅವನು ಕಣ್ಣು ಬಿಡುವ ಹೊತ್ತಿಗೆ ಅಮ್ಮ ಎದುರಿಗೇ ಕೂತಿರುತ್ತಿದ್ದಳು. "ಇವಳೇ" ಎಂದ ಮೇಲೆಯೇ ಒಲೆ ಹಚ್ಚಲು ಏಳುತ್ತಿದ್ದಳು. "ನನ್ನ ಮರೀದಿದ್ರೆ ಸಾಕಪ್ಪ. ಮಿಕ್ಕಿದ್ದೇನಾದ್ರೂ ಆಗ್ಲಿ" ಎಂದು ದೇವರ ಮನೆಯಲ್ಲಿ ಹೇಳಿಕೊಳ್ಳುವುದು ನನಗೂ ಕೇಳಿಸುತ್ತಿತ್ತು.

ಹೊರಗೆ ಓಡಾಡಿದರೆ ಅಪ್ಪ ಗೆಲುವಾಗಿರುತ್ತಾನೆಂದು ಒಂದು ಭಾನುವಾರ ಹಳೇಬೀಡಿಗೆ ಹೋದೆವು. ನಾನು ಚಪ್ಪಲಿ ಬಿಟ್ಟು ಬರುವಷ್ಟರಲ್ಲಿ ಅಪ್ಪ ಮಾಯ. ಅಮ್ಮ ಗುಡಿಯ ಸುತ್ತಿನ ಎತ್ತರದ ಜಗತಿಯ ಮೇಲೆ ನಿಂತು "ರೀ!" ಎಂದು ಕೂಗಿದಳು. ಏಳೆಂಟು ಗಂಡಸರು ಒಟ್ಟಿಗೇ ತಿರುಗಿ ನೋಡಿದರು. ಒಬ್ಬ ಅಂತೂ "ಬಂದೆ ಬಂದೆ" ಎಂದು ಓಡಿಯೇ ಬಂದ. ಅಪ್ಪ ಮಾತ್ರ ಬರಲಿಲ್ಲ.

ಕೊನೆಗೆ ಸಿಕ್ಕಿದ್ದು ಹುಲ್ಲಿನ ಮೇಲೆ. ಪ್ರವಾಸಕ್ಕೆ ಬಂದಿದ್ದ ಶಾಲೆಯ ಮಕ್ಕಳ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಚಿತ್ರಾನ್ನ ಹೊಡೆಯುತ್ತಿದ್ದ. ಮೇಷ್ಟ್ರು, "ಎರಡನೇ ಸಲ ಹಾಕಿಸ್ಕೊಂಡ್ರು" ಎಂದರು. ಅಪ್ಪ ಅಮ್ಮನನ್ನು ಕಂಡದ್ದೇ, "ಇವಳೇ, ಕೂತ್ಕೋ ಬಾ, ಚೆನ್ನಾಗೈತೆ" ಎಂದು ಜಾಗ ಬಿಟ್ಟ. ಅಮ್ಮನ ಮುಖ ಅರಳಿತು. ಆಮೇಲೆ ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ ಮೇಷ್ಟ್ರಿಗೆ ಹೇಳಿದ:

"ಇವ್ರಿಗೂ ಒಂದು ತಟ್ಟೆ ಕೊಡಿ ಸ್ವಾಮಿ. ಯಾರೋ ಏನೋ, ಆಗ್ಲಿಂದ ಬಾಯಿ ನೋಡ್ತಾ ನಿಂತವ್ರೆ."

ಕೊಟ್ಟರು. ತಿಂದೆ.

ಓಗೊಟ್ಟವರು

ಹೋದ ತಿಂಗಳು ಬೇಲೂರು. ಶನಿವಾರ, ಕಾಲಿಡಲು ಜಾಗವಿಲ್ಲದಷ್ಟು ಜನ. ಅಮ್ಮ ಅಪ್ಪನ ಕೈಯನ್ನು ತನ್ನ ಕೈಯೊಳಗೇ ಇಟ್ಟುಕೊಂಡಿದ್ದಳು. ತೀರ್ಥಕ್ಕೆಂದು ಒಂದು ಗಳಿಗೆ ಬಿಟ್ಟಳು, ಅಷ್ಟೇ. ತಿರುಗಿದರೆ ಅಪ್ಪ ಇಲ್ಲ.

ಪ್ರಾಂಗಣವನ್ನೆಲ್ಲ ಎರಡು ಸುತ್ತು ಹುಡುಕಿದೆವು. ಅಮ್ಮ "ರೀ... ರೀ..." ಎನ್ನುತ್ತಲೇ ಇದ್ದಳು. ಆ ಗದ್ದಲದಲ್ಲಿ ಅದು ಅವಳಿಗೇ ಕೇಳಿಸುತ್ತಿರಲಿಲ್ಲ. ಹೆಬ್ಬಾಗಿಲ ಹೊರಗೆ ಬಸ್ಸುಗಳು ಓಡಾಡುತ್ತಿದ್ದವು. ನಾನು, "ಇರಮ್ಮ, ಮೈಕಲ್ಲಿ ಹೇಳಿಸ್ತೀನಿ" ಎಂದು ಹೊರಡುವಷ್ಟರಲ್ಲಿ ಅಮ್ಮ ಅಂಗಳದ ನಡುವೆ ನಿಂತು, ಎರಡೂ ಕೈ ಮೇಲೆತ್ತಿ, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿಬಿಟ್ಟಳು:

"ಚನ್ನಕೇಶವಾ!"

ಮರುಕ್ಷಣವೇ ಸಾಲಿನಲ್ಲಿದ್ದ ಅಷ್ಟೂ ಜನ ಕೈಯೆತ್ತಿ, "ಗೋವಿಂದಾ, ಗೋವಿಂದ!" ಎಂದರು. ಯಾರೋ ಒಬ್ಬಾಕೆ ಬಂದು ಅಮ್ಮನ ಕಾಲಿಗೇ ಬಿದ್ದಳು. ನಾನು ನಗಲೋ ಅಳಲೋ ತಿಳಿಯದೆ ನಿಂತೆ.

ಎಲ್ಲರೂ ಹೇಳಿ ಮುಗಿಸಿದ ಮೇಲೆ, ಕಂಬದ ಹಿಂದಿನಿಂದ ಇನ್ನೊಂದು ಗೋವಿಂದ ತಡವಾಗಿ, ಎಲ್ಲರಿಗಿಂತ ಜೋರಾಗಿ ಬಂತು. ಆ ರಾಗ ನಮಗೆ ಗೊತ್ತು. ಓಡಿದೆವು. ಅಪ್ಪ ಕೈಮುಗಿದುಕೊಂಡು ನಿಂತಿದ್ದ, ಕಣ್ಣಲ್ಲಿ ನೀರು. ಅಮ್ಮ ಏದುಸಿರು ಬಿಡುತ್ತಾ ಅವನ ಮುಂದೆ ಹೋಗಿ ನಿಂತಳು. "ಇವಳೇ" ಎನ್ನುತ್ತಾನೆಂದು ಅವಳ ಕಣ್ಣು ಅವನ ತುಟಿಯ ಮೇಲೇ ಇತ್ತು.

ಅಪ್ಪ ಅವಳಿಗೂ ಕೈಮುಗಿದ.

"ಕೇಳಿಸ್ತಾ ತಾಯಿ? ಯಾವಳೋ ಪುಣ್ಯಾತ್ಗಿತ್ತಿ ದೇವ್ರನ್ನ ಕರದ್ಲು, ಎದೆ ಝಲ್ ಅಂತು ನಂಗೆ. ಹಂಗೆ ಕರದ್ರೆ ದೇವ್ರು ಬರ್ದೆ ಇರ್ತಾನಾ?"

ಅಮ್ಮ ಸೆರಗಿನಿಂದ ಮೊದಲು ಅವನ ಕಣ್ಣು ಒರೆಸಿದಳು, ಆಮೇಲೆ ತನ್ನದು.

"ಬಂದ್ನಲ್ಲ" ಎಂದಳು. "ನಡೀರಿ, ಬಸ್ಸಿಗೆ ಹೊತ್ತಾಯ್ತು."