ಚಕ್ಕುಲಿಯಿಂದ ಹಿಟ್ಟಿಗೆ ಬಡ್ತಿ

ಶಿಸ್ತೊಂದಿದ್ದರೆ ಜಗತ್ತಿನಲ್ಲಿ ಆಗದ ಕೆಲಸವಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು ನಾನು. ಈಗಲೂ ಬೆಳಕು ಹರಿಯುವ ಮೊದಲೇ ಏಳುತ್ತೇನೆ. ಮನೆಯ ಚಪ್ಪಲಿಗಳು ಸಾಲಾಗಿ, ರಸ್ತೆಯ ಕಡೆಗೆ ಮುಖ ಮಾಡಿ ನಿಂತಿರಬೇಕು. ಕೊರಳಲ್ಲಿ ಸೀಟಿ ಇಲ್ಲದಿದ್ದರೆ ಮೈಮೇಲೆ ಅಂಗಿಯೇ ಇಲ್ಲದಂತೆ ಅನಿಸುತ್ತದೆ. ಇಂಥವನ ಹಿತ್ತಿಲಲ್ಲೇ ಒಂದು ಕಾರ್ಖಾನೆ ನಡೆಯುತ್ತಿದ್ದರೂ ಅದರ ಆಡಳಿತದಲ್ಲಿ ನನಗೆ ಯಾವ ಸ್ಥಾನವೂ ಇರಲಿಲ್ಲವೆಂದರೆ ನಂಬುತ್ತೀರಾ?

ಕಾರ್ಖಾನೆ ನನ್ನ ಹೆಂಡತಿ ಸರೋಜಳದು. ಶಿಕಾರಿಪುರದ ನಮ್ಮ ಮನೆಯ ಹಿಂದೆ ಒಂದು ತಗಡಿನ ಶೆಡ್ಡು. ಅಲ್ಲಿ ಅವಳು, ಪಕ್ಕದ ಮನೆಯ ಗಂಗಮ್ಮ, ಮತ್ತೆ ಕೆಲವು ಹೆಂಗಸರು ಸೇರಿ ಚಕ್ಕುಲಿ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದರು. ಒಳ್ಳೆಯ ಹೆಸರಿತ್ತು. ಆದರೆ ದಿನವೆಲ್ಲ ಚಕ್ಕುಲಿ ಒತ್ತುವ ಒರಳು ತಿರುವಿ ತಿರುವಿ ಸರೋಜಳ ಮಣಿಕಟ್ಟು ಊದಿಕೊಂಡಿತ್ತು. ಸೊರಬದ ಕಡೆಗೆ ಬಸ್ಸಿನಲ್ಲಿ ಕಳಿಸಿದ ಚಕ್ಕುಲಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅರ್ಧಕ್ಕರ್ಧ ಪುಡಿಯಾಗಿರುತ್ತಿತ್ತು.

ಒಂದು ಸಂಜೆ ಅವಳು ಕೈಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಾ ಹೇಳಿದಳು: “ರೀ, ಇನ್ಮೇಲೆ ನಾವು ಚಕ್ಕುಲಿ ಮಾಡಲ್ಲ.”

“ಮತ್ತೇನು ಮಾಡ್ತೀರಿ?”

“ಚಕ್ಕುಲಿ ಹಿಟ್ಟು ಮಾಡ್ತೀವಿ. ನೀರು ಹಾಕಿ ಕಲಸಿದ್ರಾಯ್ತು, ಉಪ್ಪು ಖಾರ ಎಲ್ಲಾ ಅದರಲ್ಲೇ.”

ನನಗೆ ಆಘಾತವಾಯಿತು. “ಏನು ಸರೋಜಾ ಇದು! ಗೆಲ್ಲುವ ಕಬಡ್ಡಿ ತಂಡ ಆಟ ಬಿಟ್ಟು ಅಂಕಣಕ್ಕೆ ಸುಣ್ಣದ ಗೆರೆ ಹಾಕೋಕೆ ಹೊರಟ ಹಾಗಾಯ್ತು!”

“ನಮ್ಮ ಚಕ್ಕುಲಿ ತಿಂದೋರು ಏನಂತಾರೆ ಹೇಳ್ರಿ? ‘ಎಷ್ಟು ಚಂದ ಸುತ್ತಿದೀರಿ’ ಅಂತಾರೇನು? ‘ಏನು ಹದ’ ಅಂತಾರೆ. ಆ ಹದ ಇರೋದು ಹುರಿಯೋದ್ರಲ್ಲಿ, ಅಳತೇಲಿ. ನಮ್ಮ ದಿನವೆಲ್ಲ ಹೋಗೋದು ಮಾತ್ರ ಒತ್ತೋದ್ರಲ್ಲಿ, ಒಲೆ ಮುಂದೆ ಬೇಯೋದ್ರಲ್ಲಿ. ಒತ್ತೋರು, ಕರಿಯೋರು ಎಲ್ಲಾ ಊರಲ್ಲೂ ಇದಾರೆ. ಆ ಕೆಲಸ ಅವರಿಗೇ ಇರ್ಲಿ. ಇದೇ ಕೈಗಳು ಬರೀ ಹಿಟ್ಟು ಮಾಡಿದ್ರೆ ಎಷ್ಟು ಊರಿಗೆ ಸಾಕಾಗುತ್ತೆ ಯೋಚಿಸ್ರಿ. ಅದೂ ಅಲ್ದೆ, ಹಿಟ್ಟು ಬಸ್ಸಲ್ಲಿ ಹೋದ್ರೆ ಮುರಿಯುತ್ತಾ?”

ಹಿಟ್ಟು ಮುರಿಯುವುದಿಲ್ಲ. ವಾದದಲ್ಲಿ ಸೋತಾಗ ನಾನು ಸೀಟಿ ಊದುತ್ತೇನೆ.

ಮರುದಿನವೇ ಅವಕಾಶ ಸಿಕ್ಕಿತು. ಸರೋಜ ಅಕ್ಕಿ ನೋಡಿಕೊಂಡು ಬರಲು ಪೇಟೆಗೆ ಹೋದಳು. ನಾನು ಶೆಡ್ಡನ್ನು ಪ್ರವೇಶಿಸಿ, ಉತ್ಪಾದನೆಯನ್ನು ಹೆಚ್ಚಿಸುವ ಹೊಣೆಯನ್ನು ಸ್ವಯಂಪ್ರೇರಣೆಯಿಂದ ವಹಿಸಿಕೊಂಡೆ.

ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ಹೇಗೆ? ಎತ್ತರದ ಪ್ರಕಾರ! ಬೇರೆ ಯಾವ ರೀತಿಯಲ್ಲೂ ಸಾಲು ಮಾಡಲು ನನಗೆ ಬರುವುದಿಲ್ಲ. ಹುರಿಯುವುದರಲ್ಲಿ ಎತ್ತಿದ ಕೈಯಾದ ಗಂಗಮ್ಮ ಕುಳ್ಳಗಿದ್ದುದರಿಂದ ಸಾಲಿನ ಕೊನೆಗೆ ಹೋದಳು, ಅಂದರೆ ಪ್ಯಾಕೆಟ್ಟಿನ ಬಾಯಿ ಅಂಟಿಸುವ ಜಾಗಕ್ಕೆ. ಆಳೆತ್ತರದ ಶಾಂತಮ್ಮ ಮೊದಲಿಗಳಾಗಿ ಬಾಣಲೆಯ ಮುಂದೆ ನಿಂತಳು.

“ಮೇಷ್ಟ್ರೇ, ನಾನು ಪ್ಯಾಕೆಟ್ ಅಂಟಿಸೋಳ್ರೀ. ಉದ್ದಿನಬೇಳೆ ಹುರಿದು ಗೊತ್ತಿಲ್ರೀ.”

“ಸಾಲಿನಲ್ಲಿ ಮಾತಿಲ್ಲ! ಒಂದು ಸೀಟಿಗೆ ಹುರಿಯೋದು, ಇನ್ನೊಂದಕ್ಕೆ ನಿಲ್ಲಿಸೋದು, ಮತ್ತೊಂದಕ್ಕೆ ಇಳಿಸೋದು. ಸೀಟಿ ಇಲ್ಲದೆ ಯಾರೂ ಕದಲಬಾರದು.”

ಸೀಟಿ ಊದಿದೆ. ಹುರಿದಳು. ಊದಿದೆ. ನಿಲ್ಲಿಸಿದಳು. ಅಷ್ಟರಲ್ಲಿ ಯಾರದೋ ಎಮ್ಮೆ ಗೇಟಿನೊಳಗೆ ನುಗ್ಗಿ ನನ್ನ ಹೂವಿನ ಗಿಡಕ್ಕೆ ಬಾಯಿ ಹಾಕಿತು. ನಾನು ಅತ್ತ ಓಡಿದೆ. ಎಮ್ಮೆಗೆ ಶಿಸ್ತಿಲ್ಲ. ಅದನ್ನು ಹೊರಗಟ್ಟಿ ಬರುವಷ್ಟರಲ್ಲಿ ಶೆಡ್ಡಿನ ಬಾಗಿಲಿನಿಂದ ಹೊಗೆ ಬರುತ್ತಿತ್ತು. ಒಳಗೆ ಶಾಂತಮ್ಮ ಸೌಟು ಎತ್ತಿ ಹಿಡಿದು ಕಂಬದಂತೆ ನಿಂತಿದ್ದಳು. ಬಾಣಲೆಯಲ್ಲಿ ಇದ್ದದ್ದು ಉದ್ದಿನಬೇಳೆಯಲ್ಲ, ಇದ್ದಿಲು!

“ಇಳಿಸಬಾರದಾಗಿತ್ತೇನಮ್ಮಾ?”

“ನೀವು ಸೀಟಿ ಊದ್ಲಿಲ್ಲಲ್ರೀ ಮೇಷ್ಟ್ರೇ!”

ಗಂಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಪೇಟೆಯಿಂದ ಬಂದ ಸರೋಜ ನನ್ನ ಕೊರಳಿನಿಂದ ಸೀಟಿ ತೆಗೆದು ಪೊರಕೆ ನೇತುಹಾಕುವ ಮೊಳೆಗೆ ಸಿಕ್ಕಿಸಿದಳು. ಸೇವೆಯಲ್ಲಿದ್ದಾಗ ಇಂಥ ಅಮಾನತು ನಾನು ಕಂಡಿರಲಿಲ್ಲ.

ಹೊಸ ಹಿಟ್ಟಿಗೆ ಮೊದಲ ಗಿರಾಕಿ ಆಗಬೇಕಾದವರು ಸೊರಬ ತಾಲ್ಲೂಕಿನ ಹೊಸಬಾಳೆಯ ಪಾರ್ವತಕ್ಕ. ಊರಿನ ಹೆಂಗಸರನ್ನು ಸೇರಿಸಿಕೊಂಡು ತಿಂಡಿ ಮಾಡಿ ಸೊರಬದ ಅಂಗಡಿಗಳಿಗೆ ಕೊಡುವವರು. ಅವರು ಒಪ್ಪಿದರೆ ಸರೋಜಳ ಲೆಕ್ಕಾಚಾರ ಗೆಲ್ಲುತ್ತದೆ. ಒಪ್ಪದಿದ್ದರೆ ಊದಿದ ಕೈ ಮತ್ತೆ ಒರಳಿಗೇ. ಹಿಟ್ಟಿನ ಚೀಲ ಹೊರಲು ನಾನು ಹೊರಟೆ. ಬಸ್ ಹತ್ತುವಾಗಲೇ ಸರೋಜ ಷರತ್ತು ಹಾಕಿದಳು: “ಅಲ್ಲಿ ನೀವು ಬಾಯಿ ತೆಗೀಬಾರ್ದು.”

ಪಾರ್ವತಕ್ಕನ ಜಗಲಿಯಲ್ಲಿ ಸರೋಜ ಹಿಟ್ಟು ಕಲಸಿ, ಒತ್ತಿ, ಕರಿದು ತೋರಿಸಿದಳು. ಅಚ್ಚುಕಟ್ಟಾದ ಚಕ್ಕುಲಿಗಳು. ಎಲ್ಲರೂ ತಿಂದರು, ತಲೆದೂಗಿದರು. ಆದರೆ ಪಾರ್ವತಕ್ಕ ಒಪ್ಪಲಿಲ್ಲ.

“ನಿಮ್ಮ ಕೈ ಪಳಗಿದ್ದು ಸರೋಜಕ್ಕ. ನಿಮಗೆ ಬತ್ತದೆ. ನಮ್ಮಲ್ಲಿ ಅರ್ಧ ಜನ ಹೊಸಬ್ರು ಮಾರಾಯ್ರೆ, ಒರಳು ಮುಟ್ಟಿದವರಲ್ಲ. ಅವರ ಕೈಗೆ ಸಿಕ್ರೂ ಹದ ಕೆಡದಿಲ್ಲ ಅಂತ ಏನು ಖಾತ್ರಿ?”

ಸರೋಜಳ ಮುಖ ಸಣ್ಣದಾಯಿತು. ಹೊಸಬರು “ನೀ ಒತ್ತು”, “ನಾನೊಲ್ಲೆ, ನೀನೇ ಒತ್ತು” ಎಂದು ಒಬ್ಬರನ್ನೊಬ್ಬರು ತಳ್ಳಾಡಿದರು. ನನ್ನಿಂದ ತಡೆಯಲಾಗಲಿಲ್ಲ. ಎದ್ದು ನಿಂತು ಅಂಗಿಯ ತೋಳು ಮಡಿಸಿದೆ.

“ಎಲ್ಲರೂ ಇತ್ತ ನೋಡಿ! ಕ್ರಮಬದ್ಧವಾಗಿ ಮಾಡಿದರೆ ಇದು ಬಹಳ ಸುಲಭ.”

“ರೀ...” ಎಂದಳು ಸರೋಜ. ಆ ಒಂದೇ ಅಕ್ಷರದಲ್ಲಿ ಇಡೀ ಎಚ್ಚರಿಕೆ ಇತ್ತು.

ಹಿಟ್ಟಿಗೆ ನೀರು ಹಾಕಿದೆ. ಚೆಂಬು ಬಗ್ಗಿದ ಮೇಲೆ ನೀರಿಗೂ ಶಿಸ್ತಿಲ್ಲವೆಂದು ತಿಳಿಯಿತು. ದೋಸೆ ಹಿಟ್ಟಾಯಿತು! “ಮತ್ತೆ ಅದೇ ಹಿಟ್ಟು ಹಾಕ್ರಿ, ಬೇರೇನೂ ಬೇಡ” ಎಂದಳು ಸರೋಜ ಹಲ್ಲು ಕಚ್ಚಿಕೊಂಡು. ಹಾಕಿದೆ. ಗಟ್ಟಿಯಾಯಿತು. ಒರಳಿಗೆ ತುಂಬಿ ತಿರುವಿದೆ. ನಕ್ಷತ್ರದ ತೂತಿನ ಬಿಲ್ಲೆಯ ಬದಲು ಶ್ಯಾವಿಗೆ ಬಿಲ್ಲೆ ಹಾಕಿದ್ದೆನಾದ್ದರಿಂದ ಎಳೆ ಎಳೆಯಾಗಿ ಮಳೆ ಸುರಿಯಿತು. ಬಿಲ್ಲೆ ಬದಲಿಸಿದೆ. ಈಗ ತಿರುವಿದರೆ ಬರಲೊಲ್ಲದು. ಡ್ರಿಲ್ ಮೇಷ್ಟ್ರ ಪೂರ್ತಿ ಬಲ ಹಾಕಿದೆ. ಕೆಳಗಿನಿಂದ ಬರಬೇಕಾದ ಹಿಟ್ಟು ಮೇಲಿನಿಂದ ಹಾರಿ ನನ್ನ ಮೀಸೆಗೆ ಅಂಟಿತು!

ಜಗಲಿಯೆಲ್ಲ ನಗೆ. ಕೊನೆಗೂ ಕೆಲವು ಚಕ್ಕುಲಿಗಳು ಎಣ್ಣೆಗೆ ಬಿದ್ದವು. ಒಂದು ಪ್ರಶ್ನಾರ್ಥಕ ಚಿಹ್ನೆಯಂತಿತ್ತು. ಇನ್ನೊಂದು ಹುಲ್ಲಿನಲ್ಲಿ ತಪ್ಪಿಸಿಕೊಂಡ ಎರೆಹುಳುವಿನಂತೆ. ಮೂಲೆಯಲ್ಲಿ ಕೂತಿದ್ದ ಪಾರ್ವತಕ್ಕನ ಅತ್ತೆ ಕೇಳಿದರು: “ಇದು ಚಕ್ಕುಲಿಯನಾ? ಮೇಷ್ಟ್ರು ಸೈನ್ ಹಾಕಿದ್ದನಾ?”

ಆದರೂ ಆ ಅಜ್ಜಿ ಎರೆಹುಳುವನ್ನು ಎತ್ತಿ ಬಾಯಿಗಿಟ್ಟರು. ಕರುಂ ಎಂದು ಸದ್ದಾಯಿತು. ನಗು ನಿಂತಿತು. ಅಜ್ಜಿ ಇನ್ನೊಂದು ತುಂಡು ತೆಗೆದುಕೊಂಡರು.

“ಪಾರ್ವತೀ, ಇದೂ ಅದೂ ಒಂದೇ ರುಚಿಯೇ!”

ಪಾರ್ವತಕ್ಕ ತಿಂದರು. ಹೊಸಬರು ತಿಂದರು. ಸರೋಜಳ ಕಣ್ಣು ಮಿನುಗಿತು. ಅವಳಿಗೆ ಅವಕಾಶವೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

“ನೋಡಿದ್ರಲ್ಲ ಪಾರ್ವತಕ್ಕ? ನಮ್ಮ ಹಿಟ್ಟು ನಮ್ಮ ಯಜಮಾನರ ಕೈಗೆ ಸಿಕ್ಕೂ ಬದುಕಿದೆ. ಇನ್ನು ನಿಮ್ಮ ಹೊಸಬರು ಅದನ್ನೇನು ಕೆಡಿಸ್ತಾರೆ?”

ಪಾರ್ವತಕ್ಕ ಅಲ್ಲೇ ಒಪ್ಪಿದರು. “ಇಷ್ಟು ದೊಡ್ಡ ಪರೀಕ್ಷೆ ಯಾವ ಹಿಟ್ಟಿಗೂ ಆಗಿರಲಿಕ್ಕಿಲ್ಲ ಬಿಡಿ!”

ಈಗ ನಮ್ಮ ಹಿತ್ತಿಲಲ್ಲಿ ಒರಳು ತಿರುಗುವುದಿಲ್ಲ. ಗಂಗಮ್ಮ ಹುರಿಯುತ್ತಾಳೆ, ಶಾಂತಮ್ಮ ಅಂಟಿಸುತ್ತಾಳೆ. ಅದೇ ಹೆಂಗಸರು, ಅದೇ ಶೆಡ್ಡು. ಹಿಟ್ಟು ಮಾತ್ರ ಹೊಸಬಾಳೆ ದಾಟಿ ಎಲ್ಲೆಲ್ಲಿಗೋ ಹೋಗುತ್ತಿದೆ. ಅಲ್ಲಿನ ಹೆಂಗಸರಿಗೂ ಹುರಿದು ಬೀಸುವ ಗೋಜು ತಪ್ಪಿದೆ. ಸರೋಜಳ ಮಣಿಕಟ್ಟಿನ ಊತ ಇಳಿದು ಬಳೆ ಮತ್ತೆ ಸಡಿಲವಾಗಿ ಆಡುತ್ತಿದೆ. ಅದರ ಸದ್ದು ಕೇಳುವಾಗಲೆಲ್ಲ, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಇವಳಿಗೆ ಹೇಗೆ ತಿಳಿಯಿತಪ್ಪಾ ಎಂದು ಬೆರಗಾಗುತ್ತೇನೆ.

ಹೊಸ ಊರಿಗೆ ಹೋಗುವಾಗಲೆಲ್ಲ ನನ್ನನ್ನೂ ಕರೆದೊಯ್ದು ಎಲ್ಲರೆದುರು ಚಕ್ಕುಲಿ ಒತ್ತಿಸುತ್ತಾಳೆ. ಆಡಳಿತದಲ್ಲಿ ನನಗೂ ಒಂದು ಸ್ಥಾನ ಸಿಕ್ಕಿದೆ. ಆದರೆ ಶಿಸ್ತಿನ ಮನುಷ್ಯ ಸುಮ್ಮನಿರುತ್ತಾನೆಯೇ? ಗುಟ್ಟಾಗಿ ಅಭ್ಯಾಸ ಮಾಡಿದೆ. ಮೊನ್ನೆ ಒಂದು ಚಕ್ಕುಲಿ ಪೂರ್ಣಚಂದ್ರನಂತೆ ದುಂಡಗೆ ಬಂತು! ಸಂಭ್ರಮದಿಂದ ಸರೋಜಳನ್ನು ಕರೆದೆ. ಅವಳು ನೋಡಿದಳು. ಗಾಬರಿಯಿಂದ ಅದನ್ನು ಹಿಚುಕಿ ಮತ್ತೆ ಹಿಟ್ಟಿನ ಉಂಡೆ ಮಾಡಿದಳು.

“ಯಾರಾದ್ರೂ ನೋಡಿದ್ರಾ? ನೀವು ಕಲಿತುಬಿಟ್ರೆ ನಮ್ಮ ಹಿಟ್ಟನ್ನ ಯಾರ್ರೀ ನಂಬ್ತಾರೆ? ನಾಳೆ ಬಳ್ಳಿಗಾವಿಗೆ ಹೋಗೋದಿದೆ.”

ಬದುಕಿಡೀ ಮಕ್ಕಳ ಸಾಲು ನೆಟ್ಟಗೆ ಮಾಡಿಸಿದವನು ನಾನು. ಈಗ ದಿನಾ ಬೆಳಿಗ್ಗೆ ತಪ್ಪದೆ ಎದ್ದು, ಸೊಟ್ಟಗೆ ಒತ್ತುವ ಅಭ್ಯಾಸ ಮಾಡುತ್ತಿದ್ದೇನೆ!