ಮಾತು ಬಿಟ್ಟವರನ್ನು ಬೇರೆ ಬೇರೆ ದಿನಕ್ಕೆ ಹಾಕಿದ ಯಂತ್ರ ಮಹಾಶಯರಿಗೆ

ಮಾನ್ಯರೇ,

ಬಸವನ ಬಾಗೇವಾಡಿಯ ರೊಟ್ಟಿ ಸೇವಾ ಸಂಘದ ಸದಸ್ಯೆ ವಿದ್ಯಾವತಿ ಮಾಡುವ ಅನಂತ ನಮಸ್ಕಾರಗಳು. ನಿದ್ದೆ, ನೀರಡಿಕೆ, ನೆಗಡಿ ಯಾವುದೂ ಇಲ್ಲದ ತಾವು ಕ್ಷೇಮವಾಗಿಯೇ ಇರುತ್ತೀರೆಂದು ನಂಬಿ ನೇರ ವಿಷಯಕ್ಕೆ ಬರುತ್ತೇನೆ.

ಮನೆಮನೆಯಿಂದ ಜೋಳದ ರೊಟ್ಟಿ ಕೂಡಿಸಿ, ಬೇಳೆ ಕುದಿಸಿ, ಆಸ್ಪತ್ರೆಗೆ ಬಂದ ರೋಗಿಗಳ ಕಡೆಯವರಿಗೆ ಬಡಿಸುವುದು ನಮ್ಮ ಕೆಲಸ. ಯಾರು ಯಾವ ದಿನ ಬರಬೇಕೆಂದು ಮೊದಲು ಅಧ್ಯಕ್ಷ ಬಸಂತರಾಯರು ಹೇಳುತ್ತಿದ್ದರು. ಈ ವರ್ಷ ಆ ಭಾರವನ್ನು ಕೃತಕ ಬುದ್ಧಿಮತ್ತೆಯಾದ ತಮ್ಮ ಮೇಲೆ ಹಾಕಿ ಆರಾಮಾಗಿದ್ದಾರೆ. ತಾವು ಬಂದಮೇಲೆ ಪಾಳಿ ತಪ್ಪಿಲ್ಲ, ರೊಟ್ಟಿ ಉಳಿದಿಲ್ಲ, ಇದನ್ನು ಹೊಟ್ಟೆಕಿಚ್ಚಿಲ್ಲದೆ ಒಪ್ಪುತ್ತೇನೆ.

ಬಸಂತರಾಯರಿಗೆ ಒಂದು ಕೆಟ್ಟ ಚಾಳಿ ಇತ್ತು. ಯಾರಾದರೂ ಇಬ್ಬರು ಮಾತು ಬಿಟ್ಟರೆಂದು ಕಿವಿಗೆ ಬಿದ್ದರೆ ಸಾಕು, ಮರುದಿನವೇ ಅವರಿಬ್ಬರನ್ನೇ ಬೇಳೆಯ ಕೊಪ್ಪರಿಗೆ ಹೊರಲು ಹಚ್ಚುತ್ತಿದ್ದರು. ಆ ಬಿಸಿ ಪಾತ್ರೆಯನ್ನು ಎರಡು ಕಡೆ ಹಿಡಿದವರು 'ಸಾವಕಾಶ ಎತ್ರಿ', 'ಮೆಟ್ಟಲಾ ಐತಿ ನೋಡ್ರಿ' ಎನ್ನದೆ ಗತಿಯಿರಲಿಲ್ಲ. ಬಾಗಿಲು ದಾಟುವಷ್ಟರಲ್ಲಿ ಅರ್ಧ ಜಗಳ ಮುಗಿದಿರುತ್ತಿತ್ತು.

ಯುಗಾದಿಯ ಮುಂದೆ ನಾನು ಮಾಡಿದ ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾಗಿದೆಯೆಂದು ನನ್ನ ಜೀವದ ಗೆಳತಿ ಜೈತುನಬಿ ಸಂಘದ ವಾಟ್ಸಾಪ್ ಗುಂಪಿನಲ್ಲೇ ಬರೆದಳು, ನಾನೂ ಸುಮ್ಮನಿರಲಿಲ್ಲ. ಅದೇ ಗುಂಪಿನಲ್ಲಿದ್ದು ಎಲ್ಲವನ್ನೂ ಓದಿದ ತಾವು, ಅಪಾರ ಕರುಣೆಯಿಂದ ನನ್ನನ್ನು ಮಂಗಳವಾರಕ್ಕೂ ಆಕೆಯನ್ನು ಶನಿವಾರಕ್ಕೂ ಹಾಕಿ 'ಸೌಹಾರ್ದಕ್ಕಾಗಿ ಬದಲಾವಣೆ' ಎಂದು ಪ್ರಕಟಿಸಿದಿರಿ. ಆ ಸೌಹಾರ್ದ ಎಷ್ಟು ಗಟ್ಟಿಯೆಂದರೆ, ಶ್ರಾವಣ ಬಂದರೂ ನಾವು ಒಬ್ಬರ ಮುಖ ಒಬ್ಬರು ನೋಡಿಲ್ಲ.

ಮೊನ್ನೆ ಆಕೆಯ ಫೋನಿನಿಂದ 'ನಿಮ್ಮ ಭಾವನೆಗಳಿಗೆ ನೋವಾಗಿದ್ದಲ್ಲಿ ವಿಷಾದಿಸುತ್ತೇನೆ' ಎಂದು ಬಂತು. ತಾವೇ ಬರೆದುಕೊಟ್ಟದ್ದೆಂದು ಮೊದಲ ಪದಕ್ಕೇ ತಿಳಿಯಿತು. ಇಷ್ಟು ವರ್ಷ 'ಏ ವಿದ್ಯಾ, ನಿನಗ ಬುದ್ಧಿ ಯಾವಾಗ ಬರ್ತೈತಿ' ಎಂದು ಬೈದವಳು ನನಗೆ 'ನಿಮ್ಮ' ಎಂದಾಳೆಯೇ? ಓದಿ ಅಳು ಬಂತು. ಸಿಟ್ಟಿಗೆ ನಾನೂ ತಮ್ಮಿಂದಲೇ ಒಂದು ಉತ್ತರ ಬರೆಸಿ ಕಳಿಸಿದೆ. ಅದು ಇನ್ನೂ ಚೆಂದವಾಗಿತ್ತು. ಹೀಗೆ ತಾವೂ ತಾವೂ ರಾಜಿಯಾಗಿದ್ದೀರಿ, ನಾವಿಬ್ಬರು ಮಾತ್ರ ಇನ್ನೂ ಆಗಿಲ್ಲ.

ಆದಕಾರಣ ತಾವು ಖುದ್ದಾಗಿ ಬಂದು ಪಲ್ಯದ ಉಪ್ಪು ನೋಡಿ ತೀರ್ಪು ಕೊಡಬೇಕು. ಅದಾಗದಿದ್ದರೆ ಸಿಂದಗಿಯ ಕಡೆ ಪಾಳಿ ಹಂಚುವ ಯಾವುದಾದರೂ ಯಂತ್ರದೊಡನೆ ಜಗಳ ತೆಗೆದು, ನಾಲ್ಕಾರು ತಿಂಗಳು ಮಾತು ಬಿಟ್ಟು, ಊಟ ಹೇಗೆ ಸೇರುತ್ತದೆಂದು ತಾವೇ ನೋಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ವಿದ್ಯಾವತಿ

ತಾ.ಕ.: ಬರುವ ಶನಿವಾರ, ಪಾಳಿ ಇಲ್ಲದಿದ್ದರೂ, ನಾನು ಬರುತ್ತೇನೆ. ಜೈತುನಬಿ ಎಲ್ಲರೆದುರು ನನ್ನನ್ನು ಬಾಯಿಗೆ ಬಂದಂತೆ ಬೈಯಬಹುದು. ದಯಮಾಡಿ ಅದೊಂದನ್ನು ತಿದ್ದಿಕೊಡಬೇಡಿ.