ಇನ್ನೂರ ನಲವತ್ತೊಂದು ತಪ್ಪು ಹುಡುಕಿದ ಪ್ರೋಗ್ರಾಮಿಗೆ

ಗುಬ್ಬಿ, ೧೪ ಆಗಸ್ಟ್ ೨೦೦೨

ಸಾಲಿಗೆ ಸಾಲು ಇಟ್ಟು ನೋಡುವ ಪ್ರೋಗ್ರಾಂ ಸಾಹೇಬರಿಗೆ,
ಕೇರಾಫ್ ದಯಾನಂದ, ಕಂಪ್ಯೂಟರ್ ಟ್ಯೂಷನ್, ಮೊದಲ ಮಹಡಿ, ತುಮಕೂರು.

ಮಾನ್ಯರೇ,

ತಾವು ಕ್ಷೇಮ, ತಾವು ವಾಸವಾಗಿರುವ ಫ್ಲಾಪಿ ಕ್ಷೇಮ, ನಲವತ್ತು ಸಾಲು ಕೋಡ್ ಬರೆದು ತಮ್ಮನ್ನು ಹೆತ್ತ ದಯಾನಂದನೂ ಕ್ಷೇಮವೆಂದು ನಂಬಿ, ಗುಬ್ಬಿಯ ಒಂದು ಗೃಹ ನಿರ್ಮಾಣ ಸಹಕಾರ ಸಂಘದ ಗುಮಾಸ್ತನಾದ ಶಿವಮೂರ್ತಿ ಎಂಬ ನಾನು ಎರಡೂ ಕೈ ಜೋಡಿಸಿ ಬರೆದುಕೊಳ್ಳುವ ಬಹಿರಂಗ ಪತ್ರವಿದು. ತಮಗೆ ಓದಲು ಬಿಡುವಿರುವುದಿಲ್ಲ ಎಂದು ಗೊತ್ತು. ಬೇರೆ ಯಾವ ಕಾಗದವನ್ನಾದರೂ ಪಕ್ಕದಲ್ಲಿಟ್ಟು, ಎರಡೂ ಬೇರೆ ಬೇರೆ ಎಂದಾದರೂ ಹೇಳಿಬಿಡಿ, ನನಗೆ ಅಷ್ಟೇ ಸಾಕು.

ತಾವು ಅವತರಿಸುವ ಮೊದಲು ಈ ಸಂಘದಲ್ಲಿ ಎರಡು ಪಟ್ಟಿಗಳನ್ನು ತಾಳೆ ನೋಡುವುದಕ್ಕೆ ಒಂದು ಪದ್ಧತಿ ಇತ್ತು. ನಮ್ಮ ಹಿರಿಯ ಟೈಪಿಸ್ಟ್ ರಂಗಲಕ್ಷ್ಮಮ್ಮನವರು ಹಳೆಯ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ನಾನು ಹೊಸ ಪಟ್ಟಿಯ ಮೇಲೆ ಸ್ಕೇಲು ಇಟ್ಟುಕೊಂಡು ಸಾಲಿಗೊಮ್ಮೆ "ಹೂಂ" ಅನ್ನುತ್ತಿದ್ದೆ. ಹತ್ತೊಂಬತ್ತು ವರ್ಷ ಹೂಂ ಅಂದು ಸಂಸಾರ ನಡೆಸಿದವನು ನಾನು. ಕಾರ್ಯದರ್ಶಿಗಳ ಬಾಮೈದನೇ ಆದ ದಯಾನಂದ ತಮ್ಮನ್ನು ಕರೆತಂದು, ಎರಡು ದಿನದ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತದೆ ಎಂದಾಗ ನನಗೆ ಹೊಟ್ಟೆ ಉರಿಯಿತು ಎಂದು ಇಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ.

ತಮ್ಮ ಮುಂದೆ ಇಟ್ಟದ್ದು ಸಣ್ಣಪುಟ್ಟ ಕಾಗದವಲ್ಲ. ಸೈಟು ಹಂಚಿಕೆಗೆ ಮಹಾಸಭೆ ಒಪ್ಪಿದ ನಾನೂರ ಹನ್ನೆರಡು ಸದಸ್ಯರ ಪಟ್ಟಿ ಒಂದು, ಅದರಿಂದ ನಾನು ತಯಾರಿಸಿದ ಅಂತಿಮ ಪಟ್ಟಿ ಇನ್ನೊಂದು. ಎರಡೂ ಅಕಾರಾದಿಯಾಗಿದ್ದವು, ಕ್ರಮಸಂಖ್ಯೆ ಕೊನೆಗೆ ಕೈಯಲ್ಲಿ ಬರೆಯುವುದು ನಮ್ಮ ರೂಢಿ. ತಾಳೆಯಾದರೆ ಸೋಮವಾರ ಹಂಚಿಕೆ. ಅಂತಿಮ ಪಟ್ಟಿಯಲ್ಲಿ ಹೆಸರಿಲ್ಲದವರು ಮುಂದಿನ ಬಡಾವಣೆಗೆ ಕಾಯಬೇಕು, ಆ ಬಡಾವಣೆಗೆ ಇನ್ನೂ ಜಮೀನೇ ಸಿಕ್ಕಿಲ್ಲ.

ತಾವು ಎರಡನ್ನೂ ನೋಡಿ, ಎರಡರಲ್ಲೂ ನಾನೂರ ಹನ್ನೆರಡು ಸಾಲುಗಳಿವೆ, ಆದರೆ ಮೊದಲ ಇನ್ನೂರ ನಲವತ್ತೊಂದು ಸಾಲುಗಳು ತಪ್ಪು, ಉಳಿದವೆಲ್ಲ ಸರಿ ಎಂದು ಹನ್ನೊಂದು ಪುಟ ತೀರ್ಪು ಬರೆದಿರಿ. ಎಂಥ ನಿಷ್ಪಕ್ಷಪಾತ! ಅಕಾರದಿಂದ ಪಕಾರದವರೆಗಿನವರೆಲ್ಲ ಗುಮಾನಿಯ ಜನ, ಅಲ್ಲಿಂದಾಚೆಗೆ ಹಕಾರದವರೆಗಿನವರೆಲ್ಲ ಸಜ್ಜನರು. ಗಾಬರಿಬಿದ್ದ ಕಾರ್ಯದರ್ಶಿಗಳು ಅಷ್ಟೂ ಜನಕ್ಕೆ ದಾಖಲೆ ಸಮೇತ ಬನ್ನಿ ಎಂದು ಹೇಳಿಕಳಿಸಿದರು. ಮಾರನೆಯ ದಿನ ನಮ್ಮ ಆಫೀಸಿನ ಮುಂದೆ ರೇಷನ್ ಕಾರ್ಡು ಹಿಡಿದ ಸರದಿ ಬಸ್ ಸ್ಟ್ಯಾಂಡಿನವರೆಗೆ ಬೆಳೆದಿತ್ತು. ನನಗೆ ಶಿವಮೂರ್ತಿ ಎಂದು ಹೆಸರಿಟ್ಟ ಅಜ್ಜಿಯ ದೂರದೃಷ್ಟಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ.

ಸಂಜೆಯ ಹೊತ್ತಿಗೆ ಇನ್ನೂರ ನಲವತ್ತು ಜನರ ಹೆಸರು ಅಂತಿಮ ಪಟ್ಟಿಯಲ್ಲೇ ಸಿಕ್ಕಿ, ಎಲ್ಲರೂ ನಮ್ಮನ್ನು ಬಾಯಿಗೆ ಬಂದಂತೆ ಬೈದು ಊರು ಸೇರಿದರು. ಒಬ್ಬರ ಹೆಸರು ಮಾತ್ರ ಸಿಗಲಿಲ್ಲ. ಹಾಗಲವಾಡಿ ಕಡೆಯ ಅಂಗನವಾಡಿ ಕಾರ್ಯಕರ್ತೆ ಪುಟ್ಟಗಂಗಮ್ಮ, ಕೋಂ ಬೀರಯ್ಯ. ಮುಂದಿನ ಸಲ ನೋಡೋಣ ಎಂದು ಕಾರ್ಯದರ್ಶಿಗಳು ಹೇಳಿದ್ದಕ್ಕೆ ಆಕೆ ಕುರ್ಚಿಯಿಂದ ಏಳಲೇ ಇಲ್ಲ. "ಹನ್ನೊಂದು ವರ್ಸದಿಂದ ಮೀಟಿಂಗಿಗೆ ಬಂದು ನೀವು ಕೊಟ್ಟ ಕಾಪಿ ಕುಡ್ಕೊಂಡು ಹೋಗಿದೀನಿ ಸಾ. ಆಗೆಲ್ಲ ನಾನಿದ್ದೆ, ಈಗ ಇಲ್ವಾ?" ಎಂದರು.

ಆಗ ರಂಗಲಕ್ಷ್ಮಮ್ಮನವರು ಕನ್ನಡಕ ಹಾಕಿಕೊಂಡು, "ಸ್ಕೇಲ್ ತಗಳ್ರೀ, ಶಿವಮೂರ್ತಿ" ಎಂದರು. ಹಳೆಯ ಪಟ್ಟಿಯ ಮೊದಲ ಹೆಸರು ಓದಿದರು. ನನ್ನ ಸ್ಕೇಲಿನ ಮೇಲೆ ಆ ಹೆಸರಿರಲಿಲ್ಲ, ಶ್ರೀ ಚನ್ನಬಸವೇಶ್ವರ ಪ್ರಸನ್ನ ಎಂದಿತ್ತು. ಅವರು ಬಗ್ಗಿ ನೋಡಿ, "ಏನ್ರೀ, ದೇವ್ರಿಗೂ ಒಂದು ಸೈಟು ಕೊಡ್ತಿದೀರಾ?" ಎಂದರು.

ಸ್ವಾಮಿ, ದೇವರ ಹೆಸರಿಲ್ಲದೆ ನಾನು ದಿನಸಿ ಚೀಟಿಯನ್ನೂ ಬರೆದವನಲ್ಲ. ಪಂಕ್ತಿಯ ಮೊದಲ ಎಲೆಗೆ ಹೊಸಬರೊಬ್ಬರು ಬಂದು ಕೂತರೆ ಎಲ್ಲರೂ ಒಂದೊಂದು ಎಲೆ ಸರಿಯುತ್ತಾರೆ, ಊಟದವರು ಅವರೇ. ತಾವೋ ಎಲೆ ನೋಡಿದಿರಿ, ಮುಖ ನೋಡಲಿಲ್ಲ. ನಾನು ಸ್ಕೇಲನ್ನು ಒಂದು ಸಾಲು ಕೆಳಗೆ ಸರಿಸಿಕೊಂಡು ಇನ್ನೂರ ನಲವತ್ತು ಸಲ ಹೂಂ ಅಂದೆ. ಇನ್ನೂರ ನಲವತ್ತೊಂದನೆಯದಾಗಿ ರಂಗಲಕ್ಷ್ಮಮ್ಮನವರು "ಪುಟ್ಟಗಂಗಮ್ಮ, ಕೋಂ ಬೀರಯ್ಯ" ಎಂದು ಓದಿದಾಗ ಮಾತ್ರ ನನ್ನ ಬಾಯಿಂದ ಹೂಂ ಹೊರಡಲಿಲ್ಲ. ಅಲ್ಲಿದ್ದದ್ದು ಪುಟ್ಟಗಂಗಮ್ಮ, ಕೋಂ ಚಿಕ್ಕಮಾರಯ್ಯ. ಅವರು ಬೇರೆಯವರು, ಹಳೆಯ ಪಟ್ಟಿಯಲ್ಲಿ ಇವರ ಮರುಸಾಲಿನವರು.

ಹೆಸರು ಹೋದದ್ದು ಹೇಗೆ ಎಂದು ಇಡೀ ಆಫೀಸು ತಲೆ ಕೆಡಿಸಿಕೊಂಡಿತು. ನನಗೆ ಮಾತ್ರ ನೆನಪಾಯಿತು. ದೇವರ ಹೆಸರು ಬರೆದ ಮೇಲೆ ಕಂಪ್ಯೂಟರು ನಾನೂರ ಹದಿಮೂರು ಸಾಲು ತೋರಿಸಿತ್ತು. ಒಂದು ಹೆಚ್ಚಾಗಿದೆಯಲ್ಲ ಎಂದು ಹುಡುಕಿದರೆ, ಒಂದರ ಕೆಳಗೊಂದು ಇಬ್ಬರು ಪುಟ್ಟಗಂಗಮ್ಮಂದಿರು. ಎರಡು ಸಲ ಟೈಪಾಗಿದೆ ಎಂದು ಗಂಡಂದಿರ ಹೆಸರು ನೋಡದೆ ಒಬ್ಬರನ್ನು ಅಳಿಸಿ, ಲೆಕ್ಕ ಸರಿಹೋಯಿತು ಎಂದು ಟೀ ಕುಡಿಯಲು ಹೋಗಿದ್ದೆ. ಹೆಚ್ಚಾಗಿದ್ದದ್ದು ನಾನು ಕರೆದು ಕೂರಿಸಿದ ದೇವರು, ಎದ್ದು ಹೋಗಬೇಕಾಗಿ ಬಂದದ್ದು ಪುಟ್ಟಗಂಗಮ್ಮ.

ಆದ್ದರಿಂದ ತಮ್ಮ ಮೇಲಿನ ದೂರನ್ನು ಅರ್ಧಕ್ಕೆ ಇಳಿಸಿದ್ದೇನೆ. ಆ ಅರ್ಧಕ್ಕೆ ಪರಿಹಾರವಾಗಿ, ಇನ್ನು ಮುಂದೆ ಒಂದು ಸಾಲು ತಾಳೆಯಾಗದಿದ್ದರೆ ಕೂಗಿಕೊಳ್ಳುವ ಮೊದಲು ಕೆಳಗಿನ ಸಾಲನ್ನೂ ಒಮ್ಮೆ ಇಣುಕಿ ನೋಡುವುದು, ಬೈಸಿಕೊಳ್ಳಲು ಒಂದು ಜೊತೆ ಕಿವಿ ಹಾಕಿಸಿಕೊಳ್ಳುವುದು, ಸರದಿಯಲ್ಲಿ ನಿಂತ ಇನ್ನೂರ ನಲವತ್ತು ಜನರ ಮನೆಗೂ ಖುದ್ದಾಗಿ ಹೋಗಿ ಕೈಮುಗಿದು ಬರುವುದು, ಇಷ್ಟನ್ನು ನಡೆಸಿಕೊಡಬೇಕೆಂದು ಪ್ರಾರ್ಥನೆ.

ಇನ್ನೂರ ನಲವತ್ತೊಂದನೆಯ ಮನೆಗೆ ನಾನೇ ಹೋಗಿಬಂದೆ. ಹೆಸರು ಪಟ್ಟಿಗೆ ಸೇರಿದೆ ಎಂದೆ, ಅಳಿಸಿದವನು ನಾನೇ ಎಂದೂ ಹೇಳಿದೆ. ಪುಟ್ಟಗಂಗಮ್ಮನವರು "ಕಂಪ್ಯೂಟ್ರು ಅಳಿಸ್ತು ಅಂದಿದ್ರೆ ನಂಬ್ತಿದ್ದೆ. ಬುಡಿ, ಊಟ ಮಾಡ್ಕೊಂಡ್ ಹೋಗಿ" ಎಂದರು. ಆ ಮುದ್ದೆಯಷ್ಟು ಕಷ್ಟಪಟ್ಟು ನುಂಗಿದ ಮುದ್ದೆ ಇನ್ನೊಂದಿಲ್ಲ. ಮೊನ್ನೆ ಸೋಮವಾರ ಅವರಿಗೆ ಮೂಲೆ ಸೈಟೇ ಬಂತು. ನನಗೆ ಮಗಳ ಮದುವೆಯಾದಷ್ಟು ಸಂತೋಷವಾಯಿತು.

ಇಂತಿ ತಮ್ಮ ವಿಶ್ವಾಸಿಯೂ, ಅರ್ಧ ತಪ್ಪಿನ ಪಾಲುದಾರನೂ ಆದ,
ಶಿವಮೂರ್ತಿ

ತಾ.ಕ.: ಇಷ್ಟೆಲ್ಲ ನಾನು ಬರೆದುಕೊಟ್ಟರೂ, ಸಂಘದ ನೋಟಿಸ್ ಬೋರ್ಡಿನಲ್ಲಿ "ಕಂಪ್ಯೂಟರ್ ದೋಷದಿಂದಾದ ತೊಂದರೆಗೆ ವಿಷಾದಿಸುತ್ತೇವೆ" ಎಂಬ ಚೀಟಿ ಇನ್ನೂ ಹಾಗೆಯೇ ಇದೆ, ಕಾರ್ಯದರ್ಶಿಗಳು ತೆಗೆಯಲು ಬಿಡುತ್ತಿಲ್ಲ. ತಾವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಎದುರು ಮಾತನಾಡದವರ ತಲೆಗೆ ತಪ್ಪು ಕಟ್ಟುವುದು ನಮ್ಮ ಆಫೀಸಿನ ಹಳೆಯ ವಾಡಿಕೆ. ಹತ್ತೊಂಬತ್ತು ವರ್ಷ ಆ ಹುದ್ದೆಯಲ್ಲಿ ನಾನಿದ್ದೆ, ಈಗ ಅದು ತಮ್ಮದು.